8 ಮಿಲಿಮೀಟರ್ ಮತ್ತು ಫಿಲ್ ಟೇಲರ್

ಲ್ಯಾಬ್ ರೆಕಾರ್ಡಿನಲ್ಲಿ ನಾವೆಲ್ಲ ಅಕ್ಯುರಸಿ, ಪ್ರಿಸಿಷನ್ ಅಂತ ಬರೀತೀವಿ. ವ್ಯತ್ಯಾಸ ಏನು ಅಂತ ವೈವಾದಲ್ಲಿ ಕೇಳಿದ್ರೆ ತಡಬಡಾಯಿಸ್ತೀವಿ. ಡಾರ್ಟ್ಸ್ ಬೋರ್ಡ್ ನೋಡಿದ್ರೆ ಅದು ಸುಲಭವಾಗಿ ಅರ್ಥ ಆಗುತ್ತೆ.

ಎಸೆಯುವ ದೂರ 2.37 ಮೀಟರ್. ಅತಿ ಹೆಚ್ಚು, ಅಂದ್ರೆ 60 ಅಂಕ ಕೊಡುವ ಟ್ರೆಬಲ್ 20 ಪಟ್ಟಿಯ ಅಗಲ ಸುಮಾರು 8 ಮಿಲಿಮೀಟರ್. ಸ್ವಲ್ಪ ಮೇಲೆ ಕೆಳಗೆ ಹೋದ್ರೆ 20 ಆದರೂ ಸಿಗುತ್ತೆ. ಪಕ್ಕಕ್ಕೆ ಸರಿದ್ರೆ ಎಡಕ್ಕೆ 5, ಬಲಕ್ಕೆ 1. ಒಂದು ಡಾರ್ಟ್ ಅಲ್ಲಿ ಬೀಳೋದು ಅದೃಷ್ಟವೂ ಇರಬಹುದು. ಮೂರೂ ಒಂದೇ ಕಡೆ ಬೀಳೋದು ಪ್ರಿಸಿಷನ್. ಆ ಕಡೆ ನಾವು ಗುರಿಯಿಟ್ಟ ಜಾಗವೇ ಆಗಿದ್ರೆ ಅಕ್ಯುರಸಿ ಕೂಡ.

ಇಂಗ್ಲೆಂಡಿನ ಸ್ಟೋಕ್-ಆನ್-ಟ್ರೆಂಟ್‌ನ ಫಿಲ್ ಟೇಲರ್ ಮೊದಲು ಪಿಂಗಾಣಿ ಕಾರ್ಖಾನೆಯ ಕೆಲಸಗಾರ. ಐದು ಸಲ ವಿಶ್ವ ಚಾಂಪಿಯನ್ ಆಗಿದ್ದ ಎರಿಕ್ ಬ್ರಿಸ್ಟೋ ಹಣಕೊಟ್ಟು ಅವರನ್ನು ಬೆಳೆಸಿದರು. 1990ರ ವಿಶ್ವ ಫೈನಲ್‌ನಲ್ಲಿ ಟೇಲರ್ ಅದೇ ಬ್ರಿಸ್ಟೋರನ್ನು 6-1ರಿಂದ ಸೋಲಿಸಿದರು! 1995ರಿಂದ 2002ರವರೆಗೆ ಸತತ ಎಂಟು, 2013ರ ಹೊತ್ತಿಗೆ ಒಟ್ಟು 16 ವಿಶ್ವ ಪ್ರಶಸ್ತಿ. 2018ರಲ್ಲಿ, 57ನೇ ವಯಸ್ಸಲ್ಲೂ ಫೈನಲ್ ತಲುಪಿ, ರಾಬ್ ಕ್ರಾಸ್‌ಗೆ ಸೋತು ನಿವೃತ್ತರಾದರು.

ಒಂದು ರೀಡಿಂಗ್ ಸರಿಬಂದ ಕೂಡಲೇ ಪ್ರಯೋಗ ಮುಗೀತು ಅನ್ನೋ ನಾವು ಟೇಲರ್ ಅವರಿಂದ ಕಲಿಯಬೇಕಾದ್ದು ಇದನ್ನೇ: ಮತ್ತೆ ಮತ್ತೆ ಸರಿಬಂದ್ರೆ ಮಾತ್ರ ಅದನ್ನ ನಂಬಬಹುದು.