ಇಂದಿನ ಚಿಂತನೆ: ಚೂಳಪಂಥಕ ಮತ್ತು ಓದು ಹತ್ತದ ಮಗು



ಚೂಳಪಂಥಕ ಭಿಕ್ಖುವಿನ ಕಥೆ ನಮಗೆಲ್ಲ ಗೊತ್ತು. ಅಣ್ಣ ಮಹಾಪಂಥಕ ಅರಹಂತ. ತಮ್ಮನಿಗೆ ಒಂದೇ ಒಂದು ಗಾಥೆ ಕಲಿಯಲು ಕೊಟ್ಟ. ನಾಲ್ಕು ತಿಂಗಳಾದರೂ ಅದು ಬಾಯಿಗೆ ಬರಲಿಲ್ಲ. ಮುಂದಿನ ಸಾಲು ಕಲಿತರೆ ಹಿಂದಿನದು ಮರೆಯುತ್ತಿತ್ತು. ವಿಹಾರ ಬಿಟ್ಟು ಹೋಗು ಎಂದ ಅಣ್ಣ. ಹೊರಟವನನ್ನು ಭಗವಾನರು ಬಾಗಿಲಲ್ಲೇ ತಡೆದು, ಕೈಗೊಂದು ಬಿಳಿ ಬಟ್ಟೆ ಕೊಟ್ಟು, ಪೂರ್ವಕ್ಕೆ ಮುಖ ಮಾಡಿ ಕೂತು ಉಜ್ಜುತ್ತಾ 'ರಜೋಹರಣಂ' ಎನ್ನುತ್ತಿರು ಎಂದರು. ಬಟ್ಟೆ ಮಾಸಿತು, ಅನಿತ್ಯ ಕಂಡಿತು, ತಮ್ಮನೂ ಅರಹಂತನಾದ. ಮುಂದೆ ಅವನು ಸಾವಿರ ರೂಪ ತಾಳಿದ್ದನ್ನು ಜನ ಬಾಯಿ ಚಪ್ಪರಿಸಿ ಹೇಳುತ್ತಾರೆ. ಟೀಚರ್ ಆದ ನನಗೆ ಬೇಕಾದದ್ದು ಆ ಬಟ್ಟೆ. ಅದೇ ಗಾಥೆಯನ್ನು ಇನ್ನೂ ನಾಲ್ಕು ತಿಂಗಳು ಉರು ಹೊಡೆಸಲಿಲ್ಲ ಬುದ್ಧರು. ಪಾಠವನ್ನು ಒಂದು ಪದಕ್ಕೆ ಇಳಿಸಿ, ಕೈಗೆ ಕೆಲಸ ಕೊಟ್ಟರು.

ಬಳಗದ ತಾಯಿಯೊಬ್ಬರು ಕೇಳಿದ್ದಾರೆ: "ಮಗಳು ಎರಡನೇ ಕ್ಲಾಸು. ಮಾತು ಹರಳು ಹುರಿದ ಹಾಗೆ. ಪುಸ್ತಕ ತೆಗೆದರೆ ಹೊಟ್ಟೆನೋವು ಅಂತಾಳೆ. ಅವರಪ್ಪ ದಡ್ಡಿ ಅಂತ ಹೊಡೀತಾರೆ. ಏನು ಮಾಡಲಿ ಮೇಡಂ?"

ಮೊದಲು ಹೊಡೆತ ನಿಲ್ಲಬೇಕು. ಆಮೇಲೆ ನಮ್ಮ ಲಿಪಿಯನ್ನು ಮಗುವಿನ ಕಣ್ಣಿಂದ ನೋಡಿ. ಇಂಗ್ಲಿಷಿಗೆ 26 ಅಕ್ಷರ. ನಮ್ಮಲ್ಲಿ 34 ವ್ಯಂಜನಕ್ಕೂ ಕಾಗುಣಿತ ಹಾಕಿದರೆ 400 ದಾಟುತ್ತದೆ, ಒತ್ತು ಬೇರೆ. 'ಅಜ್ಜಿ' ಬರೆಯಿರಿ. ಗುಡಿಸು ಮೇಲಿನ ಜಕಾರಕ್ಕೆ ಅಂಟಿದೆ, ಅದರ ದನಿ ಬರುವುದು ಕೆಳಗಿನ ಒತ್ತು ಮುಗಿದ ಮೇಲೆ. ನಮ್ಮ ಹೊಳೆ ಅರ್ಕಾವತಿಯ ಹೆಸರಂತೂ ಇನ್ನೂ ಕಷ್ಟ. ಕಿವಿಗೆ 'ರ್' ಮೊದಲು, 'ಕಾ' ಆಮೇಲೆ. ಬರಹದಲ್ಲಿ 'ಕಾ' ಮೊದಲು, ಅರ್ಕಾವತ್ತು ಆಮೇಲೆ. ಮಗು 'ಅಕಾರ್ವತಿ' ಎಂದರೆ ಕಣ್ಣಿಗೆ ಕಂಡ ಕ್ರಮದಲ್ಲೇ ಪ್ರಾಮಾಣಿಕವಾಗಿ ಓದಿದೆ ಅಂತಲೇ ಅರ್ಥ. ಸಂಶೋಧಕಿ ಸೊನಾಲಿ ನಾಗ್ ಕನ್ನಡದ ಮಕ್ಕಳ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ, ನಮ್ಮ ಅಕ್ಷರಗಳು ಪೂರ್ತಿ ಕೈವಶವಾಗಲು ಒಂದೆರಡು ವರ್ಷ ಸಾಲದು ಎಂದೇ ತೋರಿಸುತ್ತದೆ.

ಇನ್ನೊಂದು ತೊಡಕು ಮನೆಯದು. ಸರ್ಕಾರಿ ಶಾಲೆಯ ನಲಿಕಲಿಯಲ್ಲಿ ಕಲಿಕೆ ಶುರುವಾಗುವುದು ರ ಗ ಸ ದ ಅ ಎಂದು. ಐದೇ ಅಕ್ಷರಕ್ಕೆ ಸರ, ಅರಸ, ಗರಗಸ ಓದಬಹುದು. ಮನೆಯಲ್ಲಿ ನಾವು ಅ ಆ ಇ ಈ ಬಾಯಿಪಾಠ ಮಾಡಿಸುತ್ತೇವೆ. ಮಗು ಎರಡು ಕಡೆ ಎಳೆದಾಡುತ್ತದೆ. ಶಾಲೆಯಲ್ಲಿ ಎಲ್ಲಿಗೆ ಬಂದಿದ್ದಾರೆ ಎಂದು ಕೇಳಿ, ಅಲ್ಲಿಂದಲೇ ಹಿಡಿಯಿರಿ.

ನಾನು ಮಾಡುವುದು ಹೀಗೆ. ತಟ್ಟೆಯಲ್ಲಿ ರಾಗಿಹಿಟ್ಟು ಹರಡಿ, ದನಿ ಹೇಳುತ್ತಾ ಬೆರಳಲ್ಲಿ ಒಂದೇ ಅಕ್ಷರ ಬರೆಸುತ್ತೇನೆ. ಪ, ಷ, ವ, ಮ ಒಟ್ಟಿಗೆ ಕೊಡುವುದಿಲ್ಲ; ನೋಡಲು ಅಕ್ಕತಂಗಿಯರ ಹಾಗಿವೆ. ಬಸ್‌ಸ್ಟ್ಯಾಂಡ್ ನಮ್ಮ ಎರಡನೇ ಪುಸ್ತಕ. ರಾಮನಗರ, ಕನಕಪುರ, ಮಾಗಡಿ ಬೋರ್ಡುಗಳಲ್ಲಿ ಒಂದೂ ಒತ್ತಿಲ್ಲ, ಅವು ಮೊದಲು. ಚನ್ನಪಟ್ಟಣದಲ್ಲಿ ಎರಡು ಒತ್ತು, ಎರಡೂ ಅದದೇ ಅಕ್ಷರದವು, ಅದು ಆಮೇಲೆ. ಅರ್ಕಾವತಿ ಕೊನೆಗೆ. ಮಗು ಹೇಳಿದ ಒಂದು ವಾಕ್ಯ ("ನಮ್ಮ ಮೇಕೆ ಮರಿ ಹಾಕಿತು") ಬರೆದು ಅದನ್ನೇ ಓದಿಸಿ. ತನ್ನ ಮಾತು ತನಗೆ ಕಷ್ಟವಾಗುವುದಿಲ್ಲ. ಹತ್ತು ನಿಮಿಷ ಸಾಕು. ಮುಖ ಬಾಡಿದರೆ ಅಲ್ಲಿಗೇ ನಿಲ್ಲಿಸಿ. ರೇಷ್ಮೆಹುಳು ಜ್ವರಕ್ಕೆ ಕೂತಾಗ ಯಾರೂ ಸೊಪ್ಪು ಹಾಕುವುದಿಲ್ಲವಲ್ಲ.

ಜೊತೆಗೆ ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಬೋರ್ಡು ಕಾಣದೆ ದಡ್ಡರೆನಿಸಿಕೊಂಡ ಮಕ್ಕಳನ್ನು ನೋಡಿದ್ದೇನೆ. ಇಷ್ಟಾದರೂ ಮೂರನೇ ತರಗತಿಯ ಹೊತ್ತಿಗೆ ಸರಳ ಪದಗಳೂ ಹತ್ತದಿದ್ದರೆ ಡಿಸ್ಲೆಕ್ಸಿಯಾ ಇರಬಹುದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತೋರಿಸಬಹುದು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಈ ತೊಂದರೆಯೂ ಸೇರಿದೆ. ಪ್ರಮಾಣಪತ್ರವಿದ್ದರೆ ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಹೆಚ್ಚು ಸಮಯ ಸಿಗುತ್ತದೆ. ಹೋಗುವಾಗ ಮಗುವಿನ ನೋಟ್‌ಬುಕ್ಕುಗಳನ್ನು ತೆಗೆದುಕೊಂಡು ಹೋಗಿ, ಕೆಂಪು ಶಾಯಿಯವನ್ನೂ ಸೇರಿಸಿ.