ಸಿಇಟಿ ಸೀಟು: ರ‍್ಯಾಂಕಿನಷ್ಟೇ ಮುಖ್ಯ ನಿಮ್ಮ ಹಕ್ಕಿನ ಅರಿವು

ಸಿಇಟಿ ಫಲಿತಾಂಶ ಬಂದ ದಿನ ಮನೆಮನೆಯಲ್ಲೂ ಕೇಳಿಬರುವ ಪ್ರಶ್ನೆ ಒಂದೇ: "ಈ ರ‍್ಯಾಂಕಿಗೆ ಯಾವ ಕಾಲೇಜು ಸಿಗಬಹುದು?" ಬರೀ ರ‍್ಯಾಂಕ್ ನೋಡಿ ಇದಕ್ಕೆ ಉತ್ತರ ಹೇಳಲಾಗದು. ಎಂಜಿನಿಯರಿಂಗ್ ರ‍್ಯಾಂಕನ್ನು ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತದಲ್ಲಿ ಪಡೆದ ದ್ವಿತೀಯ ಪಿಯುಸಿ ಅಂಕ ಮತ್ತು ಸಿಇಟಿ ಅಂಕಗಳಿಗೆ ಸಮಾನ ತೂಕ ಕೊಟ್ಟು ನಿರ್ಧರಿಸುತ್ತಾರೆ. ಸೀಟು ಹಂಚುವಾಗ ಮಾತ್ರ ಕರ್ನಾಟಕ ಪರೀಕ್ಷಾ ಪ್ರಾಧಿಕಾರವು (ಕೆಇಎ) ರ‍್ಯಾಂಕಿನ ಜೊತೆಗೆ ನಿಮ್ಮ ಮೀಸಲಾತಿ ಪ್ರವರ್ಗವನ್ನೂ ನೀವು ಕೊಟ್ಟ ಆಯ್ಕೆಗಳ ಕ್ರಮವನ್ನೂ ನೋಡುತ್ತದೆ. ಬಂದ ರ‍್ಯಾಂಕ್ ಬದಲಾಗದು. ಉಳಿದ ಎರಡರಲ್ಲಿ ಎಡವಿ ಸೀಟು ಕಳೆದುಕೊಳ್ಳುವವರು ಹೆಚ್ಚಾಗಿ ಮಾಹಿತಿಯ ಕೊರತೆಯಿಂದ ಕಳೆದುಕೊಳ್ಳುತ್ತಾರೆ.

ಯಾರಿಗೆ ಎಷ್ಟು ಮೀಸಲು?

ಶಿಕ್ಷಣದಲ್ಲಿ ಮೀಸಲಾತಿಗೆ ಆಧಾರ ಸಂವಿಧಾನದ 15(4)ನೇ ವಿಧಿ. ರಾಜ್ಯದಲ್ಲಿ ಹಿಂದುಳಿದ ವರ್ಗಗಳ ಪೈಕಿ ಪ್ರವರ್ಗ 1ಕ್ಕೆ ಶೇ 4, 2ಎಗೆ ಶೇ 15, 2ಬಿಗೆ ಶೇ 4, 3ಎಗೆ ಶೇ 4, 3ಬಿಗೆ ಶೇ 5ರಷ್ಟು ಮೀಸಲಾತಿ ನಿಗದಿಯಾಗಿದೆ. 2022ರ ಕಾಯ್ದೆಯು ಪರಿಶಿಷ್ಟ ಜಾತಿಯ ಪ್ರಮಾಣವನ್ನು ಶೇ 15ರಿಂದ 17ಕ್ಕೆ, ಪರಿಶಿಷ್ಟ ಪಂಗಡದ್ದನ್ನು ಶೇ 3ರಿಂದ 7ಕ್ಕೆ ಏರಿಸಿತು.

ಇದರೊಳಗೇ ಇನ್ನೆರಡು ಮೀಸಲಾತಿಗಳಿವೆ. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಶೇ 15, ಅಷ್ಟೂ ವರ್ಷ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಶೇ 5. ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳಿಗೆ ಸೇರಿದವರಿಗೆ 371(ಜೆ) ವಿಧಿಯ ಅನ್ವಯ ಪ್ರತ್ಯೇಕ ಸೀಟುಗಳಿವೆ. ಆ ಭಾಗದ ಕಾಲೇಜುಗಳಲ್ಲಿ ಶೇ 70, ರಾಜ್ಯದ ಉಳಿದೆಡೆ ಶೇ 8. ಇದಕ್ಕೆ ಉಪವಿಭಾಗಾಧಿಕಾರಿ ಕೊಡುವ ಅರ್ಹತಾ ಪ್ರಮಾಣಪತ್ರ ಬೇಕು.

ಸಾಮಾನ್ಯ ಅರ್ಹತೆಯ ಸೀಟು ಎಲ್ಲರದ್ದು

'ಜಿಎಂ' (ಸಾಮಾನ್ಯ ಅರ್ಹತೆ) ಎಂದರೆ ಮೀಸಲಾತಿ ಇಲ್ಲದವರಿಗೆ ತೆಗೆದಿಟ್ಟ ಸೀಟು ಎಂಬ ತಪ್ಪು ಕಲ್ಪನೆ ಊರೂರಲ್ಲಿದೆ. ಅದು ಜಾತಿ ನೋಡದೆ ರ‍್ಯಾಂಕಿನ ಮೇಲೆ ಕೊಡುವ ಸೀಟು. ಮೀಸಲಾತಿಗೆ ಸೇರಿದ ವಿದ್ಯಾರ್ಥಿ ಸ್ವಂತ ಅರ್ಹತೆಯ ಮೇಲೆ ಜಿಎಂ ಸೀಟು ಪಡೆದರೆ ಅದನ್ನು ಮೀಸಲು ಲೆಕ್ಕಕ್ಕೆ ಸೇರಿಸುವಂತಿಲ್ಲ. ಅಂಥ ವಿದ್ಯಾರ್ಥಿ ಇನ್ನೂ ಒಳ್ಳೆಯ ಕಾಲೇಜಿಗಾಗಿ ಮೀಸಲು ಸೀಟನ್ನೇ ಆರಿಸಿಕೊಳ್ಳಬಹುದು ಎಂದು ಸುಪ್ರೀಂ ಕೋರ್ಟ್ 1996ರ ರಿತೇಶ್ ಸಾಹ್ ಪ್ರಕರಣದಲ್ಲಿ ಹೇಳಿದೆ.

ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಕನ್ನಡ ಮಾಧ್ಯಮದಲ್ಲಿ ಹತ್ತನೇ ತರಗತಿ ಮುಗಿಸಿದ 2ಎ ಪ್ರವರ್ಗದ ಹುಡುಗಿಯೊಬ್ಬಳನ್ನು ಊಹಿಸಿಕೊಳ್ಳಿ. ಅವಳ ರ‍್ಯಾಂಕಿಗೆ ಜಿಎಂ ಸೀಟು ಸಿಗದಿದ್ದರೂ 2ಎಜಿ, ಗ್ರಾಮೀಣದ 2ಎಆರ್, ಕನ್ನಡ ಮಾಧ್ಯಮದ 2ಎಕೆ ಸೀಟುಗಳಲ್ಲಿ ಅವಕಾಶವಿದೆ. ಆದರೆ ಅರ್ಜಿ ತುಂಬುವಾಗ ಗ್ರಾಮೀಣ, ಕನ್ನಡ ಮಾಧ್ಯಮ ಎಂದು ನಮೂದಿಸದೆ ಬಿಟ್ಟಿದ್ದರೆ ಕೊನೆಯ ಎರಡು ಅವಕಾಶಗಳು ತಪ್ಪಿದಂತೆಯೇ.

ಕಾಗದಪತ್ರ ಮೊದಲೇ ಸಿದ್ಧವಿರಲಿ

2ಎ, 2ಬಿ, 3ಎ, 3ಬಿ ಪ್ರವರ್ಗದವರಿಗೆ ತಹಶೀಲ್ದಾರರು ಕೊಡುವ ಜಾತಿ ಮತ್ತು ಆದಾಯ ಪ್ರಮಾಣಪತ್ರ ಬೇಕು. ಮೀಸಲಾತಿಯಿಂದ ಹೊರಗಿಡುವ ಕೆನೆಪದರದ ಆದಾಯ ಮಿತಿ ವರ್ಷಕ್ಕೆ 8 ಲಕ್ಷ ರೂಪಾಯಿ. ಪ್ರಮಾಣಪತ್ರದ ಮೇಲಿರುವ ಆರ್‌ಡಿ ಸಂಖ್ಯೆಯನ್ನು ಸಿಇಟಿ ಅರ್ಜಿಯಲ್ಲಿ ಒಂದಂಕಿಯೂ ತಪ್ಪದಂತೆ ತುಂಬಿ. ಅಂಕಪಟ್ಟಿಯಲ್ಲೂ ಪ್ರಮಾಣಪತ್ರದಲ್ಲೂ ಹೆಸರು ಒಂದೇ ಇದೆಯೇ ಎಂದು ನೋಡಿಕೊಳ್ಳಿ. ಮೀಸಲಾತಿಯ ಹಕ್ಕು ಸಾಬೀತಾಗದಿದ್ದರೆ ವಿದ್ಯಾರ್ಥಿಯನ್ನು ಜಿಎಂ ಎಂದೇ ಪರಿಗಣಿಸುತ್ತಾರೆ.

ನಾಡಕಚೇರಿಯಲ್ಲಿ ಅರ್ಜಿ ಕೊಟ್ಟಾಗ ಸಕಾಲ ಸ್ವೀಕೃತಿ ಕೇಳಿ ಪಡೆಯಿರಿ. 2011ರ ಸಕಾಲ ಕಾಯ್ದೆಯಡಿ ಕಾಲಮಿತಿಯೊಳಗೆ ಸೇವೆ ಪಡೆಯುವುದು ನಿಮ್ಮ ಹಕ್ಕು. ತಹಶೀಲ್ದಾರರು ಜಾತಿ ಪ್ರಮಾಣಪತ್ರ ನಿರಾಕರಿಸಿದರೆ ಆದೇಶವನ್ನು ಲಿಖಿತವಾಗಿ ಪಡೆದು, 30 ದಿನಗಳೊಳಗೆ ಉಪವಿಭಾಗಾಧಿಕಾರಿಗೆ ಮೇಲ್ಮನವಿ ಸಲ್ಲಿಸಬಹುದು. ಸುಳ್ಳು ಪ್ರಮಾಣಪತ್ರದ ಹಾದಿ ಮಾತ್ರ ಬೇಡ. ಓದು ಮುಗಿಯುವ ಹೊತ್ತಿಗೆ ಸಿಕ್ಕಿಬಿದ್ದರೂ ಪ್ರವೇಶ ರದ್ದಾಗಿ ಕ್ರಿಮಿನಲ್ ಮೊಕದ್ದಮೆ ಎದುರಿಸಬೇಕಾಗುತ್ತದೆ.

ಕಟ್ ಆಫ್ ನೋಡಿ, ಆಯ್ಕೆ ತುಂಬಿ

ಹಿಂದಿನ ವರ್ಷಗಳ ಕಟ್ ಆಫ್ ಪಟ್ಟಿ ಕೆಇಎ ಜಾಲತಾಣದಲ್ಲೇ ಉಚಿತವಾಗಿ ಸಿಗುತ್ತದೆ. ಅದೇ ಕಾಲೇಜು, ಅದೇ ಕೋರ್ಸು, ಅದೇ ಪ್ರವರ್ಗ, ಅದೇ ಸುತ್ತಿನ ಕೊನೆಯ ರ‍್ಯಾಂಕನ್ನೇ ನಿಮ್ಮ ರ‍್ಯಾಂಕಿನೊಂದಿಗೆ ಹೋಲಿಸಿ. ಎರಡು ಮೂರು ವರ್ಷಗಳ ಪಟ್ಟಿ ಒಟ್ಟಿಗೆ ಇಟ್ಟು ನೋಡಿದರೆ ಅಂದಾಜು ಇನ್ನಷ್ಟು ಗಟ್ಟಿಯಾಗುತ್ತದೆ. ಆದರೂ ಅದು ಅಂದಾಜೇ ಹೊರತು ಭರವಸೆಯಲ್ಲ.

ಕಂಪ್ಯೂಟರ್ ನಿಮ್ಮ ಪಟ್ಟಿಯನ್ನು ಮೇಲಿನಿಂದ ಕೆಳಕ್ಕೆ ನೋಡುತ್ತ ಬಂದು, ಮೊದಲು ಸಾಧ್ಯವಾದ ಸೀಟನ್ನು ಕೊಡುತ್ತದೆ. ಹಾಗಾಗಿ ಸಿಗುವುದು ಕಷ್ಟ ಅನ್ನಿಸುವ ಕಾಲೇಜನ್ನು ಮೇಲೆ ಬರೆದರೆ ನಷ್ಟವಿಲ್ಲ. ನಷ್ಟವಾಗುವುದು ಇಷ್ಟದ ಕಾಲೇಜನ್ನು ಕೆಳಗೆ ಬರೆದಾಗ, ಇಲ್ಲವೇ ಬರೆಯದೇ ಬಿಟ್ಟಾಗ. ಓದಲು ಮನಸ್ಸಿಲ್ಲದ ಕೋರ್ಸನ್ನು ಪಟ್ಟಿಗೆ ಸೇರಿಸಲೇಬೇಡಿ. ಅಣಕು ಹಂಚಿಕೆಯ ಫಲಿತಾಂಶ ನೋಡಿ ಕ್ರಮ ಬದಲಿಸಿಕೊಳ್ಳಲು ಅವಕಾಶವಿರುತ್ತದೆ.

ಸೀಟು ಹಂಚಿಕೆಯಾದ ಮೇಲೆ ನಾಲ್ಕು ಆಯ್ಕೆಗಳು ಎದುರಿಗಿರುತ್ತವೆ: ಒಂದು, ಒಪ್ಪಿ ಸೇರುವುದು. ಎರಡು, ಈ ಸೀಟು ಉಳಿಸಿಕೊಂಡು ಮೇಲಿನ ಆಯ್ಕೆಗೆ ಕಾಯುವುದು. ಮೂರು, ಬಿಟ್ಟುಕೊಟ್ಟು ಮುಂದಿನ ಸುತ್ತಿಗೆ ಹೋಗುವುದು. ನಾಲ್ಕು, ಪ್ರಕ್ರಿಯೆಯಿಂದಲೇ ಹೊರಬರುವುದು. ಎರಡನೆಯದನ್ನು ಆರಿಸಿದವರಿಗೆ ಮುಂದಿನ ಸುತ್ತಿನಲ್ಲಿ ಮೇಲಿನ ಸೀಟು ಬಂದರೆ ಹಳೆಯದು ತಾನಾಗಿಯೇ ರದ್ದಾಗುತ್ತದೆ. ಮೂರನೆಯದನ್ನು ಆರಿಸಿದರೆ ಕೈಯಲ್ಲಿದ್ದ ಸೀಟು ಅಲ್ಲಿಗೆ ಹೋಯಿತು.

ಕಾಲೇಜಿನ ಬಾಗಿಲಲ್ಲಿ

ನಿಗದಿತ ಶುಲ್ಕದ ಮೇಲೆ ಡೊನೇಷನ್ ಕೇಳುವುದು 1984ರ ಕ್ಯಾಪಿಟೇಷನ್ ಶುಲ್ಕ ನಿಷೇಧ ಕಾಯ್ದೆಯಡಿ ಅಪರಾಧ. ಕಟ್ಟಿದ ಪ್ರತಿ ರೂಪಾಯಿಗೂ ರಸೀದಿ ಕೇಳಿ. ಹೆಚ್ಚು ಕೇಳಿದರೆ ಕೆಇಎಗೆ ಲಿಖಿತ ದೂರು ಕೊಡಿ.

ಆಯ್ಕೆ ದಾಖಲಿಸುವ ಪಾಸ್‌ವರ್ಡನ್ನು ಸೈಬರ್ ಕೆಫೆಯವರಿಗಾಗಲಿ ಏಜೆಂಟರಿಗಾಗಲಿ ಕೊಡಬೇಡಿ. ಆ ವರ್ಷದ ಮಾಹಿತಿ ಪುಸ್ತಕವನ್ನು ಮನೆಮಂದಿಯೆಲ್ಲ ಕೂತು ಓದಿ, ಆಯ್ಕೆಗಳನ್ನು ಮಗ ಅಥವಾ ಮಗಳ ಕೈಯಿಂದಲೇ ತುಂಬಿಸಿ.