ಸದಸ್ಯರ ಯಾದಿಯನ್ನು ಗಣಕಯಂತ್ರದಿಂದ ಮೊಬೈಲಿಗೆ ತುಂಬುವ ಕ್ರಮ



ಹಿಂಗಾರಿ ಕಡಲೆಗೆ ಕಾಯಿಕೊರಕ ಬಿದ್ದಾಗ ಸಿಂಪರಣೆಯ ಸೂಚನೆ ಎರಡು ದಿನ ತಡವಾದರೂ ಹಾನಿ ತಪ್ಪದು. ಆದ್ದರಿಂದ ಲಕ್ಕಲಕಟ್ಟಿಯಂಥ ಊರಿನ ರೈತ ಗುಂಪಿನಲ್ಲಿ ಸದಸ್ಯರ ಮೊಬೈಲ್ ಯಾದಿ ಸರಿಯಾಗಿರಬೇಕು. ಎಕ್ಸೆಲ್‌ನಲ್ಲಿರುವ ಯಾದಿಯನ್ನು ಗೂಗಲ್ ಕಾಂಟ್ಯಾಕ್ಟ್ಸ್‌ಗೆ ಒಮ್ಮೆಲೇ ತುಂಬಬಹುದು. ಆದರೆ ಬಿತ್ತುವ ಮೊದಲು ಬೀಜ ಹಸನು ಮಾಡುವಂತೆ ಯಾದಿಯನ್ನೂ ಹಸನು ಮಾಡಿರಿ.

1. ಒಬ್ಬ ಸದಸ್ಯರಿಗೆ ಒಂದೇ ಸಾಲು. ಹೆಸರು, ಮೊಬೈಲ್, ಊರು, ಸರ್ವೆ ನಂಬರುಗಳಿಗೆ ಬೇರೆ ಬೇರೆ ಕಲಂ. ಗೂಗಲ್‌ನಿಂದ ಒಂದು ಹೆಸರನ್ನು ಕಡತವಾಗಿ ಇಳಿಸಿಕೊಂಡು, ಅದರಲ್ಲಿರುವ ಶೀರ್ಷಿಕೆಗಳನ್ನೇ ಮೊದಲ ಸಾಲಿಗೆ ಬಳಸಿರಿ.

2. ಅಂಕಿ ತುಂಬುವ ಮೊದಲೇ ಕಲಂ ಅನ್ನು ‘ಟೆಕ್ಸ್ಟ್’ ಎಂದು ಬದಲಿಸಿರಿ. ಇಲ್ಲವಾದರೆ 12/2 ಎಂಬ ಸರ್ವೆ ನಂಬರು ತಾರೀಖಾಗಿ ಬಿಡುತ್ತದೆ.

3. ಒಂದೇ ಹೆಸರಿನವರು ಊರಲ್ಲಿ ಹಲವರು. ಹೆಸರು ಎರಡು ಸಲ ಬಂದಿತೆಂದು ಅಳಿಸಬೇಡಿರಿ. ತಂದೆಯ ಹೆಸರು, ಮೊಬೈಲ್ ಸಂಖ್ಯೆ ತಾಳೆ ನೋಡಿರಿ.

4. ಹಳೆಯ ನುಡಿ ಅಕ್ಷರದ ಹೆಸರುಗಳನ್ನು ಯೂನಿಕೋಡಿಗೆ ಪರಿವರ್ತಿಸಿ, ಕಡತವನ್ನು ‘ಸಿಎಸ್‌ವಿ ಯುಟಿಎಫ್-8’ ಎಂದು ಉಳಿಸಿರಿ. ಬರಿಯ ‘ಸಿಎಸ್‌ವಿ’ ಆರಿಸಿದರೆ ಕನ್ನಡದ ಜಾಗದಲ್ಲಿ ಪ್ರಶ್ನೆ ಚಿಹ್ನೆಗಳು ಬರಬಹುದು.

5. ಮೊದಲು ಐದೇ ಸಾಲು ತುಂಬಿ, ಆ ಐವರಿಗೂ ಕರೆ ಮಾಡಿ ಪರೀಕ್ಷಿಸಿರಿ. ಸರಿಯಿದ್ದರೆ ಉಳಿದವನ್ನು ತುಂಬಿರಿ.

ಆಧಾರ್ ಮತ್ತು ಬ್ಯಾಂಕ್ ಖಾತೆಯ ಸಂಖ್ಯೆಗಳನ್ನು ಈ ಯಾದಿಯಲ್ಲಿ ಸೇರಿಸಲೇಬಾರದು. ಮೂಲ ಯಾದಿಯ ಒಂದು ಪ್ರತಿಯನ್ನು ತಿದ್ದದೆ ಬೇರೆಯಾಗಿ ಇಟ್ಟುಕೊಳ್ಳಿರಿ. ವರ್ಷಕ್ಕೊಮ್ಮೆ, ಮುಂಗಾರಿ ಬಿತ್ತನೆಗೆ ಮುನ್ನ, ಸಂಖ್ಯೆ ಬದಲಾದವರನ್ನು ಕೇಳಿ ತಿದ್ದಿಕೊಂಡರೆ ಸಕಾಲದ ಸೂಚನೆ ಎಲ್ಲರ ಹೊಲಕ್ಕೂ ಮುಟ್ಟುತ್ತದೆ.